ಹಳೆಯ ಡಾಟ್ಸನ್ನಿನ ಪಾಟೀಸವಾಲು

ಕೀಲಿಯನ್ನು ತಿರುಗಿಸಿ ಹಿಡಿದಿರುವಷ್ಟು ಹೊತ್ತು ಎಂಜಿನ್ ಹೊತ್ತಿಕೊಂಡು ಗುರುಗುಟ್ಟುತ್ತದೆ. ಕೈ ಸಡಿಲಿಸಿದ ಕ್ಷಣದಲ್ಲೇ ಆರಿಹೋಗುತ್ತದೆ. ಐವತ್ತು ವರ್ಷ ದಾಟಿದ ಕಾರೊಂದನ್ನು ಕೊಂಡು ತಂದವನು ಇಂತಹ ಸಂದರ್ಭದಲ್ಲಿ ಮೊದಲು ಮಾಡುವುದು ಹೊಸ ಬ್ಯಾಟರಿ ತರುವ ಕೆಲಸ. ಅದರಿಂದ ಫಲ ಕಾಣದಾಗ ಕಾರ್ಬ್ಯುರೇಟರನ್ನು ಬಿಚ್ಚುತ್ತಾನೆ. ಅದೂ ಮುಗಿದ ಬಳಿಕ ಪೆಟ್ರೋಲ್ ಪಂಪಿನ ಮೇಲೆ ಸಂಶಯ ಹುಟ್ಟುತ್ತದೆ. ಆದರೆ ಕಾರು ತನ್ನ ಹೇಳಿಕೆಯನ್ನು ಮೊದಲ ಕ್ಷಣದಲ್ಲೇ ಸ್ಪಷ್ಟವಾಗಿ ಕೊಟ್ಟಾಗಿದೆ. ಆ ಕಾಲದ ಇಗ್ನಿಷನ್ ವ್ಯವಸ್ಥೆಯಲ್ಲಿ ಕಾಯಿಲಿಗೆ ಹೋಗುವ ವಿದ್ಯುತ್ತು ಸಾಧಾರಣವಾಗಿ ಒಂದು ಚಿಕ್ಕ ಪಿಂಗಾಣಿ ರೋಧಕದ ಮೂಲಕ ಹಾದುಹೋಗುತ್ತದೆ. ಸ್ಟಾರ್ಟ್ ಮಾಡುವಾಗ ಮಾತ್ರ ಆ ರೋಧಕವನ್ನು ಬಳಸಿಕೊಂಡು ಪೂರ್ಣ ಬಲದ ವಿದ್ಯುತ್ತು ನೇರವಾಗಿ ಕಾಯಿಲನ್ನು ಮುಟ್ಟುತ್ತದೆ. ಕೀಲಿ ಬಿಟ್ಟೊಡನೆ ಎಂಜಿನ್ ಸಾಯುವುದೆಂದರೆ, ನೇರದಾರಿ ಸರಿಯಿದೆ, ರೋಧಕದ ದಾರಿ ತುಂಡಾಗಿದೆ ಎಂದೇ ಪ್ರಥಮದೃಷ್ಟಿಯ ಅರ್ಥ. ಕೆಲವು ನೂರು ರೂಪಾಯಿಗಳ ಸಾಮಾನಿಗಾಗಿ ಎಷ್ಟೋ ಸಾವಿರಗಳು ವ್ಯರ್ಥವಾಗುವುದು ಸಾಕ್ಷಿಯ ಮಾತನ್ನು ಪೂರ್ತಿಯಾಗಿ ಕೇಳದೆ ತೀರ್ಪು ಬರೆಯುವ ಅವಸರದಿಂದ.

ಇಲ್ಲಿ ಹೇಳಹೊರಟಿರುವುದು ಡಾಟ್ಸನ್ 240ಝಡ್ ಎಂಬ ಜಪಾನೀ ಕ್ರೀಡಾಕಾರಿನ ವಿಷಯ. 1969ರಲ್ಲಿ ನಿಸಾನ್ ಸಂಸ್ಥೆ ಇದನ್ನು ತನ್ನ ದೇಶದಲ್ಲಿ ಫೇರ್‌ಲೇಡಿ ಝಡ್ ಎಂಬ ಹೆಸರಿನಿಂದ ಎರಡು ಲೀಟರಿನ ಎಂಜಿನ್ನಿನೊಂದಿಗೆ ಬಿಡುಗಡೆ ಮಾಡಿತು. ಅಮೆರಿಕಕ್ಕೆ ಹೋದ ಕಾರಿಗೆ 2,393 ಸಿ.ಸಿ.ಯ, ಆರು ಸಿಲಿಂಡರುಗಳನ್ನು ಸಾಲಾಗಿ ನಿಲ್ಲಿಸಿದ ಎಂಜಿನ್. ಅಲ್ಲಿನ ವ್ಯವಹಾರವನ್ನು ನೋಡಿಕೊಳ್ಳುತ್ತಿದ್ದ ಯುಟಾಕಾ ಕಟಾಯಾಮಾ ಅವರಿಗೆ ಫೇರ್‌ಲೇಡಿ ಎಂಬ ಹೆಸರು ಅಮೆರಿಕದಲ್ಲಿ ನಡೆಯಲಾರದೆಂಬ ಖಚಿತ ಅಭಿಪ್ರಾಯವಿತ್ತು; ಎಂಜಿನ್ನಿನ ಗಾತ್ರವನ್ನೇ ಹೆಸರಾಗಿಸಿ 240ಝಡ್ ಎಂದು ಮಾರಿದರು. ಬೆಲೆ 3,526 ಡಾಲರ್. ಅದೇ ದರ್ಜೆಯ ಯುರೋಪಿನ ಕಾರುಗಳ ಮುಂದೆ ಅದು ಅಗ್ಗದ ಮಾತು. 1978ರವರೆಗೆ ಈ ಮೊದಲ ಪೀಳಿಗೆಯ ಝಡ್ ಕಾರುಗಳು ಐದು ಲಕ್ಷಕ್ಕೂ ಮಿಕ್ಕಿ ತಯಾರಾದವು. ಕಟಾಯಾಮಾ 105 ವರ್ಷ ಬದುಕಿ 2015ರಲ್ಲಿ ತೀರಿಕೊಂಡರು.

ಭಾರತದಲ್ಲಿ ಆಗ ಅಂಬಾಸಿಡರ್ ಮತ್ತು ಫಿಯೆಟ್ ಕಾರುಗಳ ಕಾಲ. ಝಡ್ ಇಲ್ಲಿ ಮಾರಾಟಕ್ಕೆ ಬರಲೇ ಇಲ್ಲ. ಆದರೂ ಈ ಕಾರಿನ ಕೀರ್ತಿಯಲ್ಲಿ ಭಾರತೀಯ ಮೂಲದ ಒಬ್ಬರ ಪಾಲಿದೆ. ಯುಗಾಂಡಾದಲ್ಲಿ ಹುಟ್ಟಿದ ಶೇಖರ್ ಮೆಹ್ತಾ 1973ರ ಪೂರ್ವ ಆಫ್ರಿಕಾ ಸಫಾರಿ ರ‍್ಯಾಲಿಯನ್ನು ಗೆದ್ದುದು 240ಝಡ್ ಕಾರಿನಲ್ಲಿ. ದಂಡದ ಅಂಕಗಳಲ್ಲಿ ಅವರೂ ಸ್ವೀಡನ್ನಿನ ಹ್ಯಾರಿ ಶೆಲ್‌ಸ್ಟ್ರೋಮ್ ಅವರೂ ಸರಿಸಮರಾಗಿ ಮುಗಿಸಿದ್ದರು. ದಂಡವಿಲ್ಲದೆ ಹೆಚ್ಚು ದೂರ ಸಾಗಿದ್ದವರೆಂಬ ಕಾರಣದಿಂದ ಗೆಲುವು ಮೆಹ್ತಾ ಅವರದಾಯಿತು. ಅದಕ್ಕೆ ಎರಡು ವರ್ಷ ಹಿಂದೆ, 1971ರಲ್ಲೂ, ಅದೇ ರ‍್ಯಾಲಿಯನ್ನು ಗೆದ್ದುದು ಇದೇ ಮಾದರಿ. ಕೆಸರು, ಧೂಳು, ಬಂಡೆ ಯಾವುದಕ್ಕೂ ಅಂಜದ ಎಂಜಿನ್ ಎಂಬ ಹೆಸರು ಅಲ್ಲಿಂದ ಬಂತು, ಮತ್ತು ಅದು ಸುಳ್ಳಲ್ಲ. ಎಂಜಿನ್ ಉಳಿಯುತ್ತದೆ, ಅದನ್ನು ಹೊತ್ತ ಮೈ ಉಳಿಯುವುದಿಲ್ಲ.

ತುಕ್ಕು ಈ ಕಾರಿನ ಮೊದಲ ಶತ್ರು. ಕಡಲ ತೀರದ ಉಪ್ಪುಗಾಳಿಯನ್ನೂ ನಾಲ್ಕು ತಿಂಗಳ ಮಳೆಯನ್ನೂ ಬಲ್ಲ ಕಾಸರಗೋಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಚಳಿಗಾಲದ ಹಿಮ ಕರಗಲೆಂದು ರಸ್ತೆಗೆ ಉಪ್ಪು ಸುರಿಯುತ್ತಾರೆ, ಪರಿಣಾಮ ಒಂದೇ. ಝಡ್ ಕಾರಿಗೆ ಲಾರಿಯಂತೆ ಪ್ರತ್ಯೇಕ ಚಾಸಿಸ್ ಇಲ್ಲ. ತಗಡಿನ ಮೈಯೇ ಭಾರ ಹೊರುವ ಎಲುಬೂ ಹೌದು. ಬ್ಯಾಟರಿ ಇಡುವ ತಟ್ಟೆಯ ಕೆಳಗೆ ಆಮ್ಲ ಸೋರಿ ಆ ಭಾಗದ ತಗಡು ತಿಂದುಹೋಗುತ್ತದೆ. ಅದರ ಕೆಳಗಿನ ಉದ್ದಪಟ್ಟಿಯೂ ಹಾಗೆಯೇ ಸಡಿಲಾಗುತ್ತದೆ. ಮುಂದಿನ ಗಾಜಿನ ಬುಡದಲ್ಲಿ ನೀರು ಹರಿದುಹೋಗಲು ಮಾಡಿದ ತೂತುಗಳಲ್ಲಿ ಒಣ ಎಲೆಗಳು ಸೇರಿಕೊಂಡರೆ ನೀರು ಅಲ್ಲೇ ನಿಂತು, ಒಳಗಿನ ನೆಲದ ತಗಡಿಗೆ ಇಳಿಯುತ್ತದೆ. ಹಿಂದಿನ ಚಕ್ರದ ಮುಂಭಾಗದ ಮೂಲೆ, ಬಾಗಿಲ ಕೆಳಗಿನ ಹೊಸ್ತಿಲು, ಹೆಚ್ಚುವರಿ ಚಕ್ರ ಇಡುವ ಗುಂಡಿ, ಹಿಂಬಾಗಿಲಿನ ಅಂಚು — ಈ ಎಡೆಗಳಲ್ಲಿ ಬಣ್ಣದ ಮೇಲೆ ಸಣ್ಣ ಗುಳ್ಳೆಯೊಂದು ಕಂಡರೆ ಒಳಗೆ ಅಂಗೈಯಗಲದ ತೂತು ಇದೆಯೆಂದು ತಿಳಿಯತಕ್ಕದ್ದು.

ಇಲ್ಲಿ ವಂಚನೆಗೂ ಅವಕಾಶ ಧಾರಾಳ. ತೂತಿನ ಮೇಲೆ ಪುಟ್ಟಿ ಮೆತ್ತಿ, ಉಜ್ಜಿ, ಹೊಳೆಯುವ ಕೆಂಪು ಬಣ್ಣ ಬಳಿದರೆ ನೋಡುವ ಕಣ್ಣಿಗೆ ಕಾರು ನವವಧು. ಆದುದರಿಂದ ಅನುಭವಸ್ಥರು ಕಾರು ನೋಡಲು ಹೋಗುವಾಗ ಜೇಬಿನಲ್ಲಿ ಒಂದು ಅಯಸ್ಕಾಂತವನ್ನು ಇಟ್ಟುಕೊಂಡಿರುತ್ತಾರೆ. ತಗಡಿದ್ದಲ್ಲಿ ಅದು ಅಂಟುತ್ತದೆ, ಪುಟ್ಟಿಯಿದ್ದಲ್ಲಿ ಜಾರುತ್ತದೆ. 2020ರ ಜನವರಿಯಲ್ಲಿ ಅಮೆರಿಕದ ಒಂದು ಹರಾಜಿನಲ್ಲಿ ಅತ್ಯುತ್ತಮ ಸ್ಥಿತಿಯ 240ಝಡ್ ಒಂದಕ್ಕೆ 3,10,000 ಡಾಲರ್ ಬಂದ ಮೇಲಂತೂ ಪುಟ್ಟಿಯ ವ್ಯಾಪಾರ ಲಾಭದ ಕಸುಬಾಗಿದೆ. ಕೊಳ್ಳುವವನು ಕಳೆದುಕೊಳ್ಳುವುದು ಹಣವನ್ನು ಮಾತ್ರವಲ್ಲ. ಉದ್ದಪಟ್ಟಿ ಸವೆದ ಕಾರು ನೂರು ಕಿಲೋಮೀಟರ್ ವೇಗದಲ್ಲಿ ಗುಂಡಿಗೆ ಬಿದ್ದಾಗ ಸ್ಟಿಯರಿಂಗ್ ಹಿಡಿದವನ ಪ್ರಾಣವನ್ನು ಹೊರುವುದು ಆ ಪಟ್ಟಿಯೇ.

ದುರಸ್ತಿಯಲ್ಲೂ ಕ್ರಮವಿದೆ. ಬಾಗಿಲುಗಳ ಸಂದಿಯನ್ನು ಅಳೆದು ಬರೆದಿಟ್ಟುಕೊಂಡು, ಒಳಗೆ ಅಡ್ಡಲಾಗಿ ಕಬ್ಬಿಣದ ಊರೆಗಳನ್ನು ಬೆಸೆದು ನಿಲ್ಲಿಸಿದ ನಂತರವೇ ಕೊಳೆತ ನೆಲವನ್ನು ಕತ್ತರಿಸಬೇಕು. ಊರೆ ಕೊಡದೆ ಕತ್ತರಿಸಿದರೆ ಮೈ ತನ್ನ ಭಾರಕ್ಕೆ ತಾನೇ ಜಗ್ಗುತ್ತದೆ. ಹೊಸ ತಗಡು ಬೆಸೆದ ಬಳಿಕ ಬಾಗಿಲು ಮುಚ್ಚುವುದಿಲ್ಲ. ಆಗ ಬಾಗಿಲನ್ನು ಉಜ್ಜಿ ಕೂರಿಸುವ ಟಿಂಕರರೂ ಇದ್ದಾರೆ. ಅವರ ವಿಷಯ ಮಾತಾಡದಿರುವುದೇ ಮೇಲು.

ಇಂಧನದ ತೊಂದರೆಗಳನ್ನು ಬೇಗ ಹೇಳಿ ಮುಗಿಸಬಹುದು. ವರ್ಷಗಟ್ಟಲೆ ನಿಂತ ಕಾರಿನ ಪೆಟ್ರೋಲ್ ಅಂಟಾಗಿ ಟ್ಯಾಂಕಿನಲ್ಲೂ ಕೊಳವೆಗಳಲ್ಲೂ ಹೆಪ್ಪುಗಟ್ಟುತ್ತದೆ. ಟ್ಯಾಂಕನ್ನು ಇಳಿಸಿ ತೊಳೆಯದೆ ಕಾರ್ಬ್ಯುರೇಟರನ್ನು ಎಷ್ಟು ಸಲ ಶುಚಿಗೊಳಿಸಿದರೂ ವಾರದಲ್ಲಿ ಮತ್ತೆ ಕಟ್ಟಿಕೊಳ್ಳುತ್ತದೆ. ಮೊದಲ ವರ್ಷಗಳ ಝಡ್‌ಗಳಲ್ಲಿರುವ ಜೋಡಿ ಹಿಟಾಚಿ ಕಾರ್ಬ್ಯುರೇಟರುಗಳು ಬ್ರಿಟಿಷ್ ಎಸ್‌ಯು ಮಾದರಿಯವು, ಸರಳವಾದವು. ಒಳಗಿನ ಪಿಸ್ಟನ್ನನ್ನು ಬೆರಳಿನಿಂದ ಎತ್ತಿ ಬಿಟ್ಟರೆ ಟಕ್ಕೆಂಬ ಸದ್ದಿನೊಂದಿಗೆ ಕೆಳಗೆ ಕೂರಬೇಕು. ಸದ್ದಿಲ್ಲದೆ ತಡೆತಡೆದು ಇಳಿದರೆ ಎಲ್ಲೋ ತಗಲುತ್ತಿದೆಯೆಂದು ಅರ್ಥ. ಮೇಲಿನ ಗುಮ್ಮಟದಲ್ಲಿ ತೆಳುವಾದ ಎಣ್ಣೆ ಇಲ್ಲದಿದ್ದರೆ ಆಕ್ಸಿಲರೇಟರ್ ಒತ್ತಿದಾಗ ಕಾರು ಮುಗ್ಗರಿಸುತ್ತದೆ. ಎಷ್ಟೋ ಮಂದಿಗೆ ಅಲ್ಲಿ ಎಣ್ಣೆ ಹಾಕಬೇಕೆಂಬುದೇ ತಿಳಿದಿರುವುದಿಲ್ಲ. 1973ರಲ್ಲಿ ಅಮೆರಿಕದ ಹೊಗೆ ನಿಯಮಗಳಿಗಾಗಿ ಬಂದ ಚಪ್ಪಟೆ ತಲೆಯ ಕಾರ್ಬ್ಯುರೇಟರುಗಳ ಕಥೆ ಬೇರೆ. ಬಿಸಿಯಾದಾಗ ಎಂಜಿನ್ ನಿಲ್ಲುವ ಅವುಗಳ ಚಾಳಿಗೆ ಬೇಸತ್ತು ಬಹುತೇಕ ಮಾಲೀಕರು ಹಳೆಯ ಗುಂಡು ತಲೆಯವನ್ನೇ ಹುಡುಕಿ ಜೋಡಿಸಿಕೊಂಡರು.

ವಿದ್ಯುತ್ತಿನ ವಿಷಯಕ್ಕೆ ಹೆಚ್ಚು ತಾಳ್ಮೆ ಬೇಕು. 240ಝಡ್‌ನಲ್ಲಿ ಹೆಡ್‌ಲೈಟುಗಳಿಗೆ ಹೋಗುವ ವಿದ್ಯುತ್ತು ಪೂರ್ತಿಯಾಗಿ ಸ್ಟಿಯರಿಂಗ್ ಬಳಿಯ ಸ್ವಿಚ್ಚಿನ ಮೂಲಕವೇ ಹಾಯುತ್ತದೆ. ನಡುವೆ ರಿಲೇ ಇಲ್ಲ. ಬ್ಯಾಟರಿಗೆ ಹೋಗುವ ಬರುವ ವಿದ್ಯುತ್ತು ಡ್ಯಾಶ್‌ಬೋರ್ಡಿನ ಅಮ್ಮೀಟರಿನ ಒಳಗಿಂದ ಸಾಗುತ್ತದೆ. ಹೊಸತರಲ್ಲಿ ಇದರಿಂದ ಕೇಡಿರಲಿಲ್ಲ. ಐದು ದಶಕಗಳಲ್ಲಿ ಪ್ರತಿಯೊಂದು ಜೋಡಣೆಯಲ್ಲೂ ಹಸಿರು ಕಿಲುಬು ಕೂತು ರೋಧ ಹೆಚ್ಚಿ, ರೋಧದಿಂದ ಶಾಖ ಹುಟ್ಟಿ, ಫ್ಯೂಸ್ ಪೆಟ್ಟಿಗೆಯ ಪ್ಲಾಸ್ಟಿಕ್ ಕರಗತೊಡಗುತ್ತದೆ. ಫ್ಯೂಸ್ ಮಾತ್ರ ಹಾರುವುದಿಲ್ಲ; ಏಕೆಂದರೆ ಹರಿಯುವ ವಿದ್ಯುತ್ತಿನ ಪ್ರಮಾಣ ಹೆಚ್ಚಿಲ್ಲ, ಹೆಚ್ಚಿರುವುದು ಶಾಖ. ರಾತ್ರಿ ಹೆಡ್‌ಲೈಟು ಮಂದವಾಯಿತೆಂದು ಹೆಚ್ಚು ವ್ಯಾಟಿನ ಬಲ್ಬು ಹಾಕುವವನು ಉರಿಯುವ ಬತ್ತಿಗೆ ಎಣ್ಣೆ ಹೊಯ್ದಂತೆ. ಪುರಾತನ ಕಾರುಗಳು ಗ್ಯಾರೇಜಿನಲ್ಲಿ ನಿಂತಲ್ಲೇ ಸುಟ್ಟು ಹೋಗುವುದಕ್ಕೆ ಇಂತಹ ಸಣ್ಣ ಬಿಸಿಯೂ ಒಂದು ಕಾರಣ.

ಇದನ್ನು ಪತ್ತೆಹಚ್ಚುವ ವಿಧಾನ ಸುಲಭ. ಬರಿಯ ತಂತಿಯನ್ನು ಮುಟ್ಟಿ ವೋಲ್ಟ್ ಇದೆಯೆಂದು ತೃಪ್ತನಾಗಬಾರದು. ಕೆಲಸವಿಲ್ಲದಾಗ ಕೊಳೆತ ತಂತಿಯೂ ಹನ್ನೆರಡು ವೋಲ್ಟ್ ತೋರಿಸುತ್ತದೆ. ದೀಪ ಉರಿಯುತ್ತಿರುವಾಗಲೇ ಮಲ್ಟಿಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಧನ ಧ್ರುವಕ್ಕೂ ಮತ್ತೊಂದನ್ನು ಬಲ್ಬಿನ ಕಡ್ಡಿಗೂ ಹಿಡಿಯಬೇಕು. ಅರ್ಧ ವೋಲ್ಟಿಗಿಂತ ಬಹಳ ಹೆಚ್ಚು ಕಂಡರೆ ಅಷ್ಟನ್ನು ದಾರಿಯಲ್ಲಿ ಯಾರೋ ಕದಿಯುತ್ತಿದ್ದಾರೆ. ಸ್ವಿಚ್ಚಿನ ಮುಂದೆ, ಸ್ವಿಚ್ಚಿನ ಹಿಂದೆ, ಫ್ಯೂಸಿನ ಎರಡೂ ಬದಿ ಎಂದು ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತ ಬಂದರೆ ಕಳ್ಳ ಸಿಕ್ಕಿಬೀಳುತ್ತಾನೆ. ಹಾಗೆಯೇ ಬಲ್ಬಿನ ಅರ್ತ್ ತಂತಿಯಿಂದ ಬ್ಯಾಟರಿಯ ಋಣ ಧ್ರುವದವರೆಗೂ ನೋಡತಕ್ಕದ್ದು. ಹಳೆಯ ಕಾರುಗಳ ದೋಷಗಳಲ್ಲಿ ಕೆಟ್ಟ ಅರ್ತ್‌ನ ಪಾಲು ದೊಡ್ಡದು.

ಎಂಜಿನ್ ಬಿಚ್ಚುವವರಿಗೆ ಒಂದು ಎಚ್ಚರಿಕೆ. ಸಿಲಿಂಡರ್ ಹೆಡ್ಡನ್ನು ಎತ್ತಲು ಕ್ಯಾಮ್‌ಶಾಫ್ಟಿನ ಹಲ್ಲುಚಕ್ರವನ್ನು ಕಳಚುವ ಮೊದಲು ಟೈಮಿಂಗ್ ಚೈನಿನ ನಡುವೆ ಮರದ ಬೆಣೆಯೊಂದನ್ನು ಗಟ್ಟಿಯಾಗಿ ಇಳಿಸಬೇಕು. ಬೆಣೆ ಇಲ್ಲದಿದ್ದರೆ ಚೈನು ಸಡಿಲಾಗಿ ಕೆಳಗಿನ ಟೆನ್ಷನರ್ ಹೊರಗೆ ಹಾರುತ್ತದೆ. ಅದನ್ನು ಮರಳಿ ಕೂರಿಸಲು ಎಂಜಿನ್ನಿನ ಮುಂದಿನ ಮುಚ್ಚಳವನ್ನೇ ತೆಗೆಯಬೇಕಾಗುತ್ತದೆ. ಐದು ನಿಮಿಷದ ಮರಗೆಲಸ ಎರಡು ದಿನದ ಕಬ್ಬಿಣದ ಕೆಲಸವನ್ನು ಉಳಿಸುತ್ತದೆ. ಮತ್ತೊಂದು, ಆಯಿಲ್ ಪಂಪನ್ನು ತೆಗೆದು ಹಾಕಿದವನು ಡಿಸ್ಟ್ರಿಬ್ಯೂಟರಿನ ಕಡ್ಡಿಯನ್ನು ಒಂದು ಹಲ್ಲು ತಪ್ಪಿಸಿ ಕೂರಿಸಿದರೆ ಮುಂದೆ ಡಿಸ್ಟ್ರಿಬ್ಯೂಟರನ್ನು ಎಷ್ಟು ತಿರುಗಿಸಿದರೂ ಕಿಡಿಯ ಸಮಯ ಸರಿಹೋಗದು. ಮೊದಲ ಸಿಲಿಂಡರ್ ಮೇಲ್ತುದಿಯಲ್ಲಿರುವಾಗ ಆ ಕಡ್ಡಿಯ ಸೀಳು ಗಡಿಯಾರದಲ್ಲಿ ಹನ್ನೊಂದು ಗಂಟೆ ಇಪ್ಪತ್ತೈದು ನಿಮಿಷದ ಸ್ಥಾನದಲ್ಲಿ ನಿಲ್ಲಬೇಕು. ಕಿಡಿಯ ಸರದಿ 1-5-3-6-2-4. ಇಷ್ಟನ್ನು ಚಾಕಿನಲ್ಲಿ ಗೋಡೆಯ ಮೇಲೆ ಬರೆದಿಟ್ಟುಕೊಂಡವರು ಜಾಣರು.

ತಯಾರಕರೇ ಹಳೆಯ ಕಾರುಗಳನ್ನು ಕೈಗೆತ್ತಿಕೊಂಡ ಉದಾಹರಣೆಗಳಿವೆ. 1990ರ ದಶಕದ ಕೊನೆಯಲ್ಲಿ ಅಮೆರಿಕದ ನಿಸಾನ್ ಶಾಖೆ ಹಳೆಯ 240ಝಡ್‌ಗಳನ್ನು ಕೊಂಡು, ಹೊಸದರಂತೆ ಮಾಡಿ, ತನ್ನ ಅಂಗಡಿಗಳಲ್ಲೇ ಮಾರಲು ಹೊರಟಿತು. ನಲವತ್ತರ ಆಸುಪಾಸಿನಲ್ಲಿ ಯೋಜನೆ ನಿಂತುಹೋಯಿತು. ತುಕ್ಕು ತೆಗೆಯುವ ಕೂಲಿಗೆ ಮಾರುವ ಬೆಲೆ ಸಾಲದು ಎಂಬ ಲೆಕ್ಕ ದೊಡ್ಡ ಕಂಪನಿಯನ್ನೂ ಬಿಡಲಿಲ್ಲ. 1971ರ ಸಫಾರಿ ಗೆದ್ದ ಕಾರನ್ನು 2013ರಲ್ಲಿ ನಿಸಾನ್ ನೌಕರರೇ ಬಿಡುವಿನ ವೇಳೆಯಲ್ಲಿ ಸಂಘ ಕಟ್ಟಿಕೊಂಡು ಮತ್ತೆ ಓಡುವಂತೆ ಮಾಡಿದರು. ಮಜ್ದಾ ತನ್ನ ಮೊದಲ ಪೀಳಿಗೆಯ ರೋಡ್‌ಸ್ಟರಿಗೆ ಆ ಕಾಲದ ಟೈರು, ಸ್ಟಿಯರಿಂಗ್ ಚಕ್ರಗಳನ್ನು ಮತ್ತೆ ತಯಾರಿಸತೊಡಗಿತು. ಟೊಯೊಟಾ 2000ಜಿಟಿಯ ಗೇರಿನ ಬಿಡಿಭಾಗಗಳನ್ನು ಪುನಃ ಎರಕ ಹಾಕಿಸಿತು. ಇತ್ತ ಜಪಾನ್ ಸರಕಾರ ಹದಿಮೂರು ವರ್ಷ ದಾಟಿದ ಪೆಟ್ರೋಲ್ ಕಾರಿಗೆ ವಾರ್ಷಿಕ ತೆರಿಗೆಯನ್ನು ಸುಮಾರು ಶೇಕಡಾ 15ರಷ್ಟು ಏರಿಸುತ್ತದೆ. ಒಂದು ಕೈ ಕಾಪಾಡುವುದನ್ನು ಇನ್ನೊಂದು ಕೈ ದೂಡುವುದು ಅಲ್ಲಿಯೂ ಉಂಟು.

ಇಷ್ಟಾದ ಮೇಲೆ ಕಾನೂನಿನ ಪ್ರಶ್ನೆಯೊಂದು ಉಳಿಯುತ್ತದೆ. ನೆಲ ಹೊಸದು, ಹೊಸ್ತಿಲು ಹೊಸದು, ತಂತಿ ಹೊಸದು, ಎಂಜಿನ್ ಇನ್ನೊಂದು ಕಾರಿನದು — ಹಾಗಿದ್ದರೆ ಅದು 1970ರ ಕಾರೇ? ಭಾರತದಲ್ಲಿ ಈ ಪ್ರಶ್ನೆಗೆ ಈಗ ಬೆಲೆ ಬಂದಿದೆ. 2021ರ ಜುಲೈಯಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಆದ ತಿದ್ದುಪಡಿಯು ಐವತ್ತು ವರ್ಷ ಮೀರಿದ ವಾಹನಗಳಿಗೆ ‘ವಿಎ’ ಅಕ್ಷರಗಳ ಪ್ರತ್ಯೇಕ ನೋಂದಣಿಯನ್ನು ಕಲ್ಪಿಸಿತು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ, ಮರು ನೋಂದಣಿಗೆ 5,000 ರೂಪಾಯಿ. ಪ್ರದರ್ಶನಕ್ಕೆ, ರ‍್ಯಾಲಿಗೆ, ದುರಸ್ತಿಗೆ ರಸ್ತೆಗಿಳಿಯಬಹುದು, ನಿತ್ಯದ ಓಡಾಟಕ್ಕಲ್ಲ. ಮುಖ್ಯವಾದ ಷರತ್ತು ಬೇರೆಯೇ: ವಾಹನವು ಮೂಲರೂಪದಲ್ಲಿರಬೇಕು, ಚಾಸಿಸ್, ಮೈ, ಎಂಜಿನ್ ಇವುಗಳಲ್ಲಿ ಗಣನೀಯ ಬದಲಾವಣೆ ಆಗಿರಬಾರದು. ಇದಕ್ಕೆ ಮೊದಲೇ, 2019ರ ಜನವರಿಯಲ್ಲಿ, ಕೇರಳದಿಂದ ಹೋದ ಮೇಲ್ಮನವಿಯೊಂದರಲ್ಲಿ ಮೋಟಾರು ವಾಹನ ಕಾಯಿದೆಯ 52ನೆಯ ಕಲಮನ್ನು ವ್ಯಾಖ್ಯಾನಿಸಿದ ಸರ್ವೋಚ್ಚ ನ್ಯಾಯಾಲಯವು ತಯಾರಕನ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಲಾಗದೆಂದು ಹೇಳಿತ್ತು.

ಕೊಳೆತ ತಗಡನ್ನು ಅದೇ ಅಳತೆಯ ತಗಡಿನಿಂದ ಬದಲಿಸುವುದು ಮಾರ್ಪಾಡಲ್ಲ, ಶುಶ್ರೂಷೆ ಎಂದು ವಾದಿಸಲು ಧಾರಾಳವಾಗಿ ಸ್ಥಳವಿದೆ. ಮೂಲ ತಂತಿಗಳನ್ನು ಕತ್ತರಿಸದೆ, ಬೇಕೆಂದಾಗ ಕಳಚುವಂತೆ ಜೋಡಿಸಿದ ರಿಲೇಯ ಪರವಾಗಿಯೂ ಮಾತಾಡಬಹುದು. ಆದರೆ ಹಾಳಾದ ಕಾರಿನ ಅಂಕಿಗಳಿರುವ ತಗಡಿನ ತುಂಡನ್ನು ಕತ್ತರಿಸಿ ಇನ್ನೊಂದು ಮೈಗೆ ಬೆಸೆಯುವವನ ಪರವಾಗಿ ವಾದವೇ ಇಲ್ಲ. ಅದು ದುರಸ್ತಿಯಲ್ಲ, ಸುಳ್ಳು ದಸ್ತಾವೇಜು. 240ಝಡ್‌ನಲ್ಲಿ ಎಂಜಿನ್ ಕೋಣೆಯ ಹಿಂಗೋಡೆಯ ತಗಡಿನ ಮೇಲೆ ಅಚ್ಚೊತ್ತಿದ ಸಂಖ್ಯೆ ಇರುತ್ತದೆ: ಎಡಗೈ ಸ್ಟಿಯರಿಂಗಿನ ರಫ್ತು ಕಾರಾದರೆ ‘ಎಚ್ಎಲ್ಎಸ್30’, ಬಲಗೈಯದಾದರೆ ‘ಎಚ್ಎಸ್30’ ಎಂದು ಆರಂಭ. ಎಂಜಿನ್ ಕೋಣೆಯ ಫಲಕದಲ್ಲಿ ಅದರ ಜೊತೆಗೆ ಎಂಜಿನ್ನಿನ ಸಂಖ್ಯೆಯೂ ಇದ್ದು, ಅದು ಬ್ಲಾಕಿನ ಮೇಲಿನ ಸಂಖ್ಯೆಗೆ ತಾಳೆಯಾಗಬೇಕು. ಬಣ್ಣ ಕೆರೆಯುವ ಯಂತ್ರ ಮುಟ್ಟುವ ಮೊದಲೇ ಈ ಎಲ್ಲದರ ಚಿತ್ರ ತೆಗೆದು, ದಿನಾಂಕ ಹಾಕಿ ಇಟ್ಟುಕೊಳ್ಳುವ ಮಾಲೀಕರಿದ್ದಾರೆ. ಸಿಲಿಂಡರ್ ಬಿರಿದು ಬೇರೆ ಎಂಜಿನ್ ಹಾಕಿಸಿಕೊಂಡಾಗಲೂ ಅವರು ಹಳೆಯ ಬ್ಲಾಕನ್ನು ಗುಜರಿಗೆ ಕೊಡುವುದಿಲ್ಲ. ಎಣ್ಣೆ ಸವರಿ, ಗೋಣಿ ಸುತ್ತಿ, ಗ್ಯಾರೇಜಿನ ಮೂಲೆಯಲ್ಲಿ ಹಲಗೆಯ ಮೇಲೆ ಇಟ್ಟಿರುತ್ತಾರೆ, ಸಂಖ್ಯೆಯಿರುವ ಬದಿ ಮೇಲೆ ಮಾಡಿ.