ಸೊಂಟದ ಕೃತಕ ಕೀಲಿನ ಪ್ಲಾಸ್ಟಿಕ್ ಹತ್ತೇ ವರ್ಷಕ್ಕೆ ಸವೆದುಹೋಗುತ್ತದೆಯೇ?

'ಕೃತಕ ಕೀಲಿನ ಆಯಸ್ಸು ಹತ್ತೇ ವರ್ಷ, ಆಮೇಲೆ ಪ್ಲಾಸ್ಟಿಕ್ ಸವೆದು ಮತ್ತೆ ಆಪರೇಷನ್.' ಈ ಮಾತು ನಂಬಿ, ನೋವು ಸಹಿಸಿಕೊಂಡೇ ಕುಳಿತಿರುವ ಹಿರಿಯರು ನಮ್ಮ ಮನೆಗಳಲ್ಲೂ ಇದ್ದಾರೆ. ಮಾತಿನಲ್ಲಿ ನಿಜವೆಷ್ಟು?

ಸವೆಯುವುದಂತೂ ನಿಜ. ಬಹುತೇಕ ಕೃತಕ ಕೀಲುಗಳಲ್ಲಿ ತೊಡೆಮೂಳೆಯ ತುದಿಗೆ ಲೋಹದ ಅಥವಾ ಸೆರಾಮಿಕ್ ಗುಂಡು, ಅದು ತಿರುಗಾಡಲು ಪ್ಲಾಸ್ಟಿಕ್ ಬಟ್ಟಲು ಇರುತ್ತದೆ. ಇಂಗ್ಲೆಂಡಿನ ಸರ್ಜನ್ ಜಾನ್ ಚಾರ್ನ್ಲಿ ಮೊದಲು ಬಳಸಿದ್ದು ಟೆಫ್ಲಾನ್ ಬಟ್ಟಲು. ಹೌದು, ನಾನ್‌ಸ್ಟಿಕ್ ತವಾದ ಮೇಲಿರುವುದೇ. ಅದು ಕೆಲವೇ ವರ್ಷಗಳಲ್ಲಿ ಸವೆದು, ಅದರ ಪುಡಿ ಸುತ್ತಲಿನ ಮಾಂಸವನ್ನು ಕೆರಳಿಸಿತು. ಪುಡಿ ಏನು ಮಾಡುತ್ತದೆಂದು ತಿಳಿಯಲು ಚಾರ್ನ್ಲಿ ಅದನ್ನು ತಮ್ಮ ತೊಡೆಗೇ ಚುಚ್ಚಿಕೊಂಡು ನೋಡಿದ್ದರು! 1962ರಲ್ಲಿ ಅವರು ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ ಹಿಡಿದರು. ಇಂದಿನ ಬಟ್ಟಲುಗಳೂ ಅದೇ ಜಾತಿಯವು.

ಹಳೆಯ ಪಾಲಿಎಥಿಲೀನ್ ವರ್ಷಕ್ಕೆ ಸುಮಾರು 0.1 ಮಿಲಿಮೀಟರ್ ಸವೆಯುತ್ತಿತ್ತು. ಇಷ್ಟೇನಾ ಅನ್ನಿಸಬಹುದು. ಆದರೆ ಬಟ್ಟಲು ತೆಳುವಾಗುವುದಕ್ಕಿಂತ ದೊಡ್ಡ ತೊಂದರೆ ಉದುರುವ ಪುಡಿಯದು. ಕಣ್ಣಿಗೆ ಕಾಣದ ಆ ಕಣಗಳನ್ನು ದೇಹದ ರಕ್ಷಣಾ ಕೋಶಗಳು ನುಂಗುತ್ತವೆ, ಅರಗಿಸಿಕೊಳ್ಳಲಾಗದೆ ಉರಿಯೂತದ ರಾಸಾಯನಿಕಗಳನ್ನು ಹೊರಬಿಡುತ್ತವೆ. ಇದರಿಂದ ಮೂಳೆ ಕರಗಿಸುವ ಕೋಶಗಳು ಚುರುಕಾಗುತ್ತವೆ. ಅಂದರೆ ಸವೆಯುವುದು ಪ್ಲಾಸ್ಟಿಕ್, ಕರಗುವುದು ನಮ್ಮದೇ ಮೂಳೆ. ಹಿಡಿತ ತಪ್ಪಿ ಕೀಲು ಸಡಿಲವಾಗುತ್ತದೆ.

ಹಿಂದೆ ಬಟ್ಟಲನ್ನು ಕ್ರಿಮಿಮುಕ್ತ ಮಾಡಲು ಗಾಳಿಯಲ್ಲೇ ಗಾಮಾ ಕಿರಣ ಹಾಯಿಸುತ್ತಿದ್ದರು. ಕ್ರಮೇಣ ಆಮ್ಲಜನಕ ಸೇರಿ ಪ್ಲಾಸ್ಟಿಕ್ ಪೆಡಸಾಗುತ್ತಿತ್ತು, ಕೆಲವೊಮ್ಮೆ ಬಿರುಕೂ ಬಿಡುತ್ತಿತ್ತು. ಸ್ವಾರಸ್ಯವೆಂದರೆ ಪರಿಹಾರ ಸಿಕ್ಕಿದ್ದೂ ವಿಕಿರಣದಿಂದಲೇ. ಹೆಚ್ಚು ಪ್ರಮಾಣದಲ್ಲಿ ಹಾಯಿಸಿ, ನಂತರ ಬಿಸಿಮಾಡಿದರೆ ಅಣುಗಳ ಸರಪಳಿಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಸವೆತ ಬಹಳ ಇಳಿಯುತ್ತದೆ. 1990ರ ದಶಕದ ಕೊನೆಯಿಂದ ಇಂಥ ಬಟ್ಟಲುಗಳು ಬಳಕೆಗೆ ಬಂದಿವೆ. ಕೆಲವಕ್ಕೆ ವಿಟಮಿನ್ ಇ ಕೂಡ ಬೆರೆಸುತ್ತಾರೆ, ತಿನ್ನಲು ಅಲ್ಲ, ಆಮ್ಲಜನಕದಿಂದ ಪ್ಲಾಸ್ಟಿಕ್ ಹಾಳಾಗದಿರಲಿ ಎಂದು.

ಇನ್ನು ಹತ್ತು ವರ್ಷದ ಲೆಕ್ಕ. 2019ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ, ಸೊಂಟದ ಕೃತಕ ಕೀಲುಗಳಲ್ಲಿ 100ಕ್ಕೆ ಸುಮಾರು 58 ಕೀಲುಗಳು 25 ವರ್ಷ ಬಾಳುತ್ತವೆ. ಅಷ್ಟು ವರ್ಷದ ಲೆಕ್ಕ ಸಿಗಬೇಕಾದರೆ ಅವು ಹೊಸ ಪ್ಲಾಸ್ಟಿಕ್ ಬರುವ ಮೊದಲೇ ಹಾಕಿದ ಕೀಲುಗಳು ಎಂಬುದನ್ನೂ ಗಮನಿಸಿ.

ಹಾಗೆಂದು ಆಪರೇಷನ್ ಆದಮೇಲೆ ಡಾಕ್ಟರ ಕಡೆ ತಲೆ ಹಾಕದೇ ಇರುವಂತಿಲ್ಲ. ಮೂಳೆ ಕರಗಲು ಶುರುವಾದಾಗ ನೋವೇ ಇಲ್ಲದಿರಬಹುದು, ಎಕ್ಸ್‌ರೇಯಲ್ಲಿ ಮಾತ್ರ ಕಾಣಬಹುದು. ವೈದ್ಯರು ಹೇಳಿದ ಅವಧಿಗೆ ಎಕ್ಸ್‌ರೇ ತೆಗೆಸಿ. ಚೆನ್ನಾಗಿದ್ದ ಕಾಲಿನಲ್ಲಿ ಹೊಸದಾಗಿ ತೊಡೆಸಂದಿಯ ನೋವು ಅಥವಾ ಕುಂಟು ಕಾಣಿಸಿದರೆ ಮುಂದಿನ ತಪಾಸಣೆಯವರೆಗೆ ಕಾಯದೆ ಹೋಗಿ ತೋರಿಸಿ.