ಮೋಸ ಹೋದವರು ಬಾಯಿ ಮುಚ್ಚಿಕೊಳ್ಳಬೇಕೆ?



ಸಾಮಾನು ಕೊಳ್ಳಲು ಈಗ ಪೇಟೆಗೆ ಇಳಿಯಲೇಬೇಕೆಂದಿಲ್ಲ. ಗೂಡಲೂರಿಗೋ ಕೋತಗಿರಿಗೋ ಬಸ್ಸು ಹತ್ತಿ ಒಂದು ದಿನದ ಹಾಜರಿ ಕಳೆದುಕೊಳ್ಳುವ ಬದಲು, ಲೈನ್ ಮನೆಯಲ್ಲಿ ಕುಳಿತೇ ಮಕ್ಕಳ ಸ್ವೆಟರು, ಮಳೆಗಾಲದ ಬೂಟು, ಅಡುಗೆಯ ಕುಕ್ಕರು ಎಲ್ಲವನ್ನೂ ಮೊಬೈಲಿನಲ್ಲಿ ತರಿಸಿಕೊಳ್ಳಬಹುದು. ಪೇಟೆಯ ಅಂಗಡಿಯವನು ಹೇಳಿದ್ದೇ ಬೆಲೆ ಎಂಬ ಕಾಲ ಹೋಯಿತು. ದುಡಿಯುವವರಿಗೆ ಇದು ಒಳ್ಳೆಯದೇ. ಇದನ್ನು ಬಿಟ್ಟುಬಿಡಿ ಎಂದು ನಾವು ಹೇಳುವುದಿಲ್ಲ.

ಆದರೆ ಈ ದಾರಿಯಲ್ಲಿ ಕಳ್ಳರೂ ಕಾದು ಕುಳಿತಿದ್ದಾರೆ. ಅವರ ಕೈಗೆ ಸಿಕ್ಕಿ ಹಣ ಕಳೆದುಕೊಂಡವರು ನಮ್ಮ ನಡುವೆಯೂ ಇದ್ದಾರೆ, ಆದರೆ ಹೇಳಿಕೊಳ್ಳುವುದಿಲ್ಲ. ಹೆಂಡತಿ ಗಂಡನಿಗೆ ಹೇಳುವುದಿಲ್ಲ, ಮಗ ತಂದೆಗೆ ಹೇಳುವುದಿಲ್ಲ. ಹೇಳಿದರೆ ಲೈನಿನವರೆಲ್ಲ ನಗುತ್ತಾರೆಂಬ ಭಯ. ಕಳ್ಳನು ಮಾಡುವ ನಷ್ಟವನ್ನು ಈ ಮೌನವು ಇಮ್ಮಡಿ ಮಾಡುತ್ತಿದೆ ಎಂಬುದು ನಮ್ಮ ಅಭಿಪ್ರಾಯ.

“ಆಸೆಬುರುಕರಿಗೆ ತಕ್ಕ ಶಾಸ್ತಿ” ಎಂದು ಕೆಲವರು ಸುಲಭವಾಗಿ ಹೇಳಿಬಿಡುತ್ತಾರೆ. ಕಂಬಳಿ ನಾಲ್ಕು ಕಾಸು ಅಗ್ಗವಾಗಿ ಸಿಗಲಿ ಎಂದು ನೋಡುವುದು ದುರಾಸೆಯೇ? ದಿನಗೂಲಿಯಲ್ಲಿ ಮನೆ ನಡೆಸುವವರು ಅಗ್ಗವನ್ನು ನೋಡದೆ ಇನ್ನೇನು ನೋಡಬೇಕು? ದೊಡ್ಡ ಓದು ಓದಿದವರೂ, ಪಿಂಚಣಿ ಪಡೆಯುವ ಅಧಿಕಾರಿಗಳೂ ಇಂಥ ಬಲೆಗೆ ಬಿದ್ದಿದ್ದಾರೆ. ಅವರಿಗೆ ಹೋದದ್ದು ಉಳಿತಾಯ. ನಮಗೆ ಹೋಗುವುದು ಆ ತಿಂಗಳ ಅಕ್ಕಿ. ವ್ಯತ್ಯಾಸ ಇಷ್ಟೆ.

ಮೋಸದ ಬಗೆಗಳು ಹಲವು. ನಮ್ಮಂಥ ಮನೆಗಳನ್ನು ಮುಟ್ಟುವ ನಾಲ್ಕನ್ನು ಇಲ್ಲಿ ಹೇಳುತ್ತೇವೆ.

ಮೊದಲನೆಯದು ಹುಸಿ ಅಂಗಡಿ. 5,000 ರೂಪಾಯಿಯ ವಸ್ತು 499ಕ್ಕೆ, ಇವತ್ತು ಒಂದೇ ದಿನ ಎಂದು ಫೇಸ್‌ಬುಕ್ಕಿನಲ್ಲಿಯೋ ವಾಟ್ಸಾಪಿನಲ್ಲಿಯೋ ಜಾಹೀರಾತು ಬರುತ್ತದೆ. ಒತ್ತಿದರೆ ಹೆಸರುವಾಸಿ ಕಂಪನಿಯದೇ ಬಣ್ಣ, ಅದೇ ಗುರುತು. ಮೇಲೆ ಕಾಣುವ ವಿಳಾಸದಲ್ಲಿ ಮಾತ್ರ ಒಂದೆರಡು ಅಕ್ಷರ ಬೇರೆ. ಹಣ ಮೊದಲೇ ಕಟ್ಟಬೇಕು. ವಸ್ತು ಬರುವುದೇ ಇಲ್ಲ, ಬಂದರೂ ಹಳೆ ಬಟ್ಟೆಯ ತುಂಡು. ಕಂಪನಿಯ ಆ್ಯಪನ್ನು ನಾವೇ ತೆರೆದು ಅದೇ ವಸ್ತುವನ್ನು ಅಲ್ಲಿ ಹುಡುಕಿದರೆ ನಿಜ ತಿಳಿಯುತ್ತದೆ. ಹೊಸ ಅಂಗಡಿಯಾದರೆ ವಸ್ತು ಕೈಗೆ ಬಂದ ಮೇಲೆ ಹಣ ಕೊಡುವ ಕ್ರಮವನ್ನೇ ಆರಿಸಿಕೊಳ್ಳಿ. ಹಾಗೆಂದು ಯಾರೂ ತರಿಸದ ಪೊಟ್ಟಣ ಬಾಗಿಲಿಗೆ ಬಂದರೆ ಹಣ ಕೊಟ್ಟು ತೆಗೆದುಕೊಳ್ಳಬೇಡಿ.

ಎರಡನೆಯದು ಹುಸಿ ಸಹಾಯವಾಣಿ. ಒಳ್ಳೆಯ ಕಡೆಯಲ್ಲೇ ಕೊಂಡ ಸೀರೆ ಹರಿದು ಬಂದಿರುತ್ತದೆ. ಹಣ ವಾಪಸು ಕೇಳಲು ಗೂಗಲಿನಲ್ಲಿ ನಂಬರು ಹುಡುಕುತ್ತೇವೆ. ಅಲ್ಲಿ ಕಳ್ಳನು ತನ್ನ ನಂಬರು ಇಟ್ಟಿರುತ್ತಾನೆ. ಅವನು ಬಹಳ ಮರ್ಯಾದೆಯಿಂದ ಮಾತನಾಡಿ, ಒಂದು ಆ್ಯಪ್ ಹಾಕಿಕೊಳ್ಳಿ ಎನ್ನುತ್ತಾನೆ. ಹಾಕಿಕೊಂಡೊಡನೆ ನಮ್ಮ ಮೊಬೈಲಿನಲ್ಲಿ ಕಾಣುವುದೆಲ್ಲ ಅವನಿಗೂ ಕಾಣುತ್ತದೆ, ಓ.ಟಿ.ಪಿ.ಯೂ ಸೇರಿ. ದೂರು ಕೊಡುವ ದಾರಿ ಕಂಪನಿಯ ಆ್ಯಪಿನೊಳಗೇ ಇರುತ್ತದೆ, ಅಲ್ಲಿಂದಲೇ ಹೋಗಬೇಕು.

ಮೂರನೆಯದು ಹಣ ಕೊಡುವ ನೆಪ. ಹಳೆಯ ಮೋಟಾರು ಸೈಕಲ್ಲೋ ಮಂಚವೋ ಮಾರಾಟಕ್ಕಿದೆ ಎಂದು ಹಾಕಿದರೆ, ತಾನು ಸೈನ್ಯದಲ್ಲಿದ್ದೇನೆ ಎಂದು ಒಬ್ಬನು ಮಾತನಾಡುತ್ತಾನೆ. ಚೌಕಾಸಿ ಇಲ್ಲದೆ ಒಪ್ಪುತ್ತಾನೆ. ಒಂದು ಕ್ಯೂ.ಆರ್. ಚಿತ್ರ ಕಳಿಸಿ, “ಸ್ಕ್ಯಾನ್ ಮಾಡಿ ಪಿನ್ ಒತ್ತಿ, ಹಣ ಬರುತ್ತದೆ” ಎನ್ನುತ್ತಾನೆ. ಯು.ಪಿ.ಐ. ಎಂಬುದು 2016ರಲ್ಲಿ ಬಂತು. ಅದರಲ್ಲಿ ಪಿನ್ ಒತ್ತುವುದು ಹಣ ಕೊಡುವುದಕ್ಕೆ. ಪಡೆಯುವುದಕ್ಕೆ ಪಿನ್ ಬೇಕಿಲ್ಲ. ಈ ಒಂದು ಮಾತು ಮನೆಯಲ್ಲಿ ಎಲ್ಲರ ಬಾಯಲ್ಲಿರಲಿ.

ನಾಲ್ಕನೆಯದು ಅಂಚೆಯಲ್ಲಿ ಬರುವ ಬಹುಮಾನದ ಚೀಟಿ. ಗೀಚಿ ನೋಡಿದರೆ ಕಾರು ಬಂದಿರುತ್ತದೆ. ಕಾರು ಬೇಕಾದರೆ ಮೊದಲು ತೆರಿಗೆ ಕಟ್ಟಬೇಕು, ಆಮೇಲೆ ನೋಂದಣಿ ಹಣ, ಆಮೇಲೆ ಇನ್ನೊಂದು. ಕೊಡುವವನು ಮೊದಲು ಕೇಳುವುದೇಕೆ ಎಂದು ಯೋಚಿಸಿದರೆ ಸಾಕು.

ಕಾಲವನ್ನೂ ನೋಡಬೇಕು. ದೀಪಾವಳಿಗೆ ಮುಂಚೆ ಬೋನಸ್ಸು ಕೈಗೆ ಬರುವ ಹೊತ್ತಿಗೇ ರಿಯಾಯಿತಿಯ ಜಾಹೀರಾತುಗಳೂ ಬರುತ್ತವೆ, ಅವುಗಳ ನಡುವೆ ಕಳ್ಳರೂ ನುಸುಳುತ್ತಾರೆ. ಮನೆಯಲ್ಲಿ ಎರಡು ಖಾತೆ ಇದ್ದರೆ, ಸಂಬಳ ಬೀಳುವ ಖಾತೆಯನ್ನು ಮೊಬೈಲಿಗೆ ಜೋಡಿಸದೆ, ಇನ್ನೊಂದರಲ್ಲಿ ಬೇಕಾದಷ್ಟೇ ಹಣ ಹಾಕಿ ಕೊಳ್ಳುವುದು ಲೇಸು. ಹೋದರೂ ಅಷ್ಟೇ ಹೋಗುತ್ತದೆ.

ಇಷ್ಟು ಎಚ್ಚರಿಕೆಯಿದ್ದೂ ಮೋಸವಾದರೆ? ಸೊಪ್ಪು ತೂಗುವಾಗ ನಮ್ಮ ಹೆಂಗಸರು ತಕ್ಕಡಿಯ ಮೇಲಿಟ್ಟ ಕಣ್ಣು ತೆಗೆಯುವುದಿಲ್ಲ. ಅರ್ಧ ಕಿಲೋ ಕಡಿಮೆ ಬರೆದರೂ ಅಲ್ಲಿಯೇ ಗಟ್ಟಿಯಾಗಿ ಕೇಳುತ್ತಾರೆ. ಸೊಪ್ಪು ಲಾರಿಗೆ ಏರಿದ ಮೇಲೆ ಕೇಳಿ ಪ್ರಯೋಜನವಿಲ್ಲವೆಂದು ಅವರಿಗೆ ಗೊತ್ತು. ಇಲ್ಲಿಯೂ ಹಾಗೆಯೇ. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ನಿಮಿಷಗಳಲ್ಲಿ ಓಡುತ್ತದೆ. ಯಾರೋ ಎಲ್ಲೋ ನಗದು ತೆಗೆದರೆ ಕಥೆ ಮುಗಿಯಿತು. ತೆಗೆಯುವ ಮುಂಚೆ ತಡೆಯಲು 1930 ಎಂಬ ನಂಬರು ಇದೆ. ದೂರು ದಾಖಲಾದರೆ ಹಣ ಹೋದ ಬ್ಯಾಂಕಿಗೆ ಸುದ್ದಿ ಹೋಗಿ, ಅಲ್ಲಿ ಉಳಿದಿರುವಷ್ಟನ್ನು ತಡೆಹಿಡಿಯುತ್ತಾರೆ. ಹಣ ಹೋದ ಗಳಿಗೆ, ಮೊತ್ತ, ಬ್ಯಾಂಕಿನ ಹೆಸರು, ಯು.ಪಿ.ಐ.ಯ 12 ಅಂಕಿಯ ವ್ಯವಹಾರ ಸಂಖ್ಯೆ ಕೈಯಲ್ಲಿರಲಿ. ನಿಮ್ಮ ಬ್ಯಾಂಕಿಗೂ ಕೂಡಲೇ ತಿಳಿಸಿ. ಈ ಕರೆ ಆಯಾ ರಾಜ್ಯದ ಪೊಲೀಸರಿಗೆ ಹೋಗುವುದರಿಂದ, ತಮಿಳುನಾಡಿನಲ್ಲಿ ತಮಿಳು, ಕೇರಳದಲ್ಲಿ ಮಲಯಾಳ ಚೆನ್ನಾಗಿ ಬಲ್ಲ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಗುಟ್ಟಾಗಿಟ್ಟರೆ ಇದು ಹೇಗೆ ಸಾಧ್ಯ? ಆದುದರಿಂದಲೇ ಮೌನ ಬೇಡವೆನ್ನುತ್ತೇವೆ.

ಕಳ್ಳತನವಲ್ಲ, ನಿಜವಾದ ಅಂಗಡಿಯೇ ಕೆಟ್ಟ ಮಾಲು ಕೊಟ್ಟು ಸತಾಯಿಸುತ್ತಿದೆ ಎಂದಾದರೆ ಅದಕ್ಕೆ 1915 ಎಂಬ ಬಳಕೆದಾರರ ಸಹಾಯವಾಣಿ ಇದೆ. ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು. 2020ರ ನಿಯಮದಂತೆ ಇಂಥ ಕಂಪನಿಯು ದೂರು ಬಂದ 48 ಗಂಟೆಯೊಳಗೆ ಮುಟ್ಟಿತೆಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. 2019ರ ಗ್ರಾಹಕ ಕಾಯಿದೆಯು ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಹೂಡುವ ಹಕ್ಕು ಕೊಟ್ಟಿದೆ. ಕಂಪನಿ ದಿಲ್ಲಿಯದೋ ಮುಂಬಯಿಯದೋ ಆದರೂ ನೀಲಗಿರಿಯವರು ಉದಕಮಂಡಲದಲ್ಲಿ, ವಯನಾಡಿನವರು ಕಲ್ಪೆಟ್ಟದಲ್ಲಿ ದೂರು ಕೊಡಬಹುದು. ವಸ್ತುವಿಗೆ ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ.

ಈ ನಂಬರುಗಳನ್ನು ಎಷ್ಟು ಲೈನ್ ಮನೆಗಳಲ್ಲಿ ಬಲ್ಲರು? ನಮ್ಮ ಸಂಬಳವನ್ನು ಕೈಗೆ ಕೊಡುವ ಬದಲು ಬ್ಯಾಂಕಿಗೆ ಹಾಕುತ್ತೇವೆಂದು ಹೇಳಿದವರು, ಅದನ್ನು ಕಾಯುವುದು ಹೇಗೆಂದು ನಮಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕಿತ್ತು. ಎಸ್ಟೇಟು ಆಫೀಸಿನಲ್ಲಿಯೂ ಸೊಪ್ಪು ತೂಗುವಲ್ಲಿಯೂ 1930 ಮತ್ತು 1915 ಎಂದು ದೊಡ್ಡ ಅಕ್ಷರದಲ್ಲಿ ತಮಿಳು, ಮಲಯಾಳದೊಡನೆ ಕನ್ನಡದಲ್ಲಿಯೂ ಬರೆಸಿ ಹಾಕುವಂತೆ ಸಂಘಗಳು ಕೇಳಬೇಕು. ಖರ್ಚು ಒಂದು ಡಬ್ಬಿ ಬಣ್ಣದ್ದು.

ಉಳಿದದ್ದು ನಮ್ಮ ಕೈಯಲ್ಲಿದೆ. ಭಾನುವಾರದ ಕೂಟ ಮುಗಿದ ಮೇಲೆ ಕಾಲು ಗಂಟೆ ಇದಕ್ಕಿರಲಿ. ಮೊಬೈಲು ಬಲ್ಲ ಹುಡುಗ ಹುಡುಗಿಯರು ಹಿರಿಯರಿಗೆ ತೋರಿಸಿಕೊಡಲಿ. ಅವಸರ ಮಾಡುವ ಫೋನು ಬಂದಾಗ, “ನಮ್ಮ ಅಕ್ಕನನ್ನು ಕೇಳಿ ಹೇಳುತ್ತೇನೆ” ಎಂದು ಇಟ್ಟುಬಿಡುವುದನ್ನು ಕಲಿಯೋಣ. ಯಾರಾದರೂ ಬಂದು “ಹೀಗಾಯಿತು” ಎಂದರೆ ನಗದೆ, ಬೈಯದೆ, ಮೊದಲು 1930ಕ್ಕೆ ಫೋನು ಹಚ್ಚಿಕೊಡೋಣ. ಬುದ್ಧಿ ಹೇಳುವುದಿದ್ದರೆ ಆಮೇಲೆ ಹೇಳೋಣ.