ಮೂರು ಖಾತೆಗಳ ಬೇಸಿಗೆ

ಯುಗಾದಿ ಮುಗಿದು ಇನ್ನೂ ವಾರವಾಗಿರಲಿಲ್ಲ. ಬೆಳಿಗ್ಗೆ ಪೇಪರ್ ಹಿಡಿದು ಕೂತಿದ್ದ ನನ್ನ ಮೊಮ್ಮಗಳು, ಐದನೇ ಕ್ಲಾಸಿನವಳು, ಹತ್ತಿರ ಬಂದು ಕೇಳಿದಳು: “ತಾತ, ಇವತ್ತು ನಮ್ಮ ಜಿಲ್ಲೆಗೆ ಯೆಲ್ಲೋ ಅಲರ್ಟ್ ಅಂತೆ. ಹೊರಗೆ ನೋಡಿದರೆ ಒಂದು ಚೂರು ಮೋಡವಿಲ್ಲ. ಇವರು ಸುಳ್ಳು ಹೇಳ್ತಾರಾ?”

ಪುಟಾಣಿಗಳೇ, ನಾನು ಹವಾಮಾನ ಪಂಡಿತನಲ್ಲ. ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ನಿವೃತ್ತನಾದವನು. ಆದರೆ ಈ ಪ್ರಶ್ನೆಗೆ ಉತ್ತರವನ್ನು ಬಹಳ ಹಿಂದೆ ಒಬ್ಬ ಮೀನುಗಾರರು ನನಗೆ ಕಲಿಸಿದ್ದರು. ಅದನ್ನು ಕೊನೆಗೆ ಹೇಳುತ್ತೇನೆ. ಮೊದಲು ಲೆಕ್ಕ ನೋಡೋಣ.

ನಮ್ಮ ದೇಶದ ಹವಾಮಾನ ಇಲಾಖೆ ಶುರುವಾದದ್ದು 1875ರಲ್ಲಿ. ಫೆಬ್ರವರಿ ಕೊನೆಗೆ ಮಾರ್ಚ್‌ನಿಂದ ಮೇ ತನಕದ ಬೇಸಿಗೆ ಹೇಗಿರಬಹುದು ಎಂಬ ಅಂದಾಜನ್ನು ಅದು ಹೊರಡಿಸುತ್ತದೆ. ಆಮೇಲೆ ದಿನದಿನದ ಮುನ್ಸೂಚನೆ. ಕರ್ನಾಟಕವನ್ನು ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು ಎಂದು ಮೂರು ಭಾಗ ಮಾಡಿದ್ದಾರೆ. ನಾನು ಇದರ ಮೇಲೆ ನನ್ನದೇ ಮೂರು ಖಾತೆ ತೆರೆದಿದ್ದೇನೆ: ನೆಲ, ಆಕಾಶ, ಕಡಲು.

ಮೊದಲನೆಯದು ನೆಲದ ಖಾತೆ. ಬಿಸಿಗಾಳಿ ಎಂದು ಘೋಷಿಸಲು ಬಯಲುಸೀಮೆಯಲ್ಲಿ ಉಷ್ಣಾಂಶ ಕನಿಷ್ಠ 40 ಡಿಗ್ರಿ ಮುಟ್ಟಬೇಕು. ಕರಾವಳಿಗೆ 37 ಸಾಕು, ಗುಡ್ಡಗಾಡಿಗೆ 30. ಅದರ ಜೊತೆಗೆ ಆ ಊರಿನ ವಾಡಿಕೆಗಿಂತ ನಾಲ್ಕೂವರೆ ಡಿಗ್ರಿಯಾದರೂ ಹೆಚ್ಚಿರಬೇಕು. ಕರಾವಳಿಗೆ ಯಾಕೆ ಈ ರಿಯಾಯಿತಿ? ಅಲ್ಲಿಯ ಗಾಳಿಯಲ್ಲಿ ನೀರಿನ ಪಸೆ ಜಾಸ್ತಿ. ಬೆವರು ಬರುತ್ತದೆ, ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯದು. ಅದಕ್ಕೇ ರಾಯಚೂರಿನ 40ಕ್ಕಿಂತ ಮಂಗಳೂರಿನ 36 ಕೆಲವೊಮ್ಮೆ ಹೆಚ್ಚು ಸುಸ್ತು ಮಾಡುತ್ತದೆ. ಬೆಂಗಳೂರೂ ಈಗ ತಣ್ಣನೆಯ ಊರೆಂದು ಹೇಳುವಂತಿಲ್ಲ. 2016ರ ಏಪ್ರಿಲ್‌ನಲ್ಲಿ ಅಲ್ಲಿ 39.2 ಡಿಗ್ರಿ ದಾಖಲಾಯಿತು.

ಇದೇ ಖಾತೆಗೆ ಅಶ್ವಿನಿ, ಭರಣಿ ಮಳೆಗಳೂ ಸೇರುತ್ತವೆ. ಕಾದ ನೆಲದಿಂದ ಬಿಸಿಗಾಳಿ ಮೇಲೇರಿ, ಮಧ್ಯಾಹ್ನದ ಮೇಲೆ ಮೋಡ ಕಟ್ಟಿ, ಸಂಜೆಗೆ ಗುಡುಗು, ಸಿಡಿಲು, ಒಮ್ಮೊಮ್ಮೆ ಆಲಿಕಲ್ಲು. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಸೆಕೆಂಡು ಎಣಿಸಿ, ಮೂರರಿಂದ ಭಾಗಿಸಿ. ಸಿಡಿಲು ಎಷ್ಟು ಕಿಲೋಮೀಟರ್ ದೂರವಿದೆ ಎಂದು ಸುಮಾರಾಗಿ ಗೊತ್ತಾಗುತ್ತದೆ. ಆದರೆ ಈ ಲೆಕ್ಕವನ್ನು ಮನೆಯೊಳಗೆ ಕೂತು ಮಾಡಿ. ಗುಡುಗು ಕೇಳಿಸಿತೆಂದರೆ ಆಟ ನಿಲ್ಲಿಸಿ ಒಳಗೆ ಬರಬೇಕು. ಮರದಡಿ ನಿಲ್ಲಲೇಬಾರದು.

ಬಣ್ಣಗಳ ಅರ್ಥವೂ ಸರಳ. ಹಸಿರು ಎಂದರೆ ಚಿಂತೆಯಿಲ್ಲ. ಹಳದಿ ಎಂದರೆ ಗಮನವಿರಲಿ. ಕಿತ್ತಳೆ ಎಂದರೆ ಸಿದ್ಧರಾಗಿರಿ. ಕೆಂಪು ಎಂದರೆ ಕೂಡಲೇ ಕ್ರಮ ಕೈಗೊಳ್ಳಿ.

ಎರಡನೆಯದು ಆಕಾಶದ ಖಾತೆ. ಒಮ್ಮೆ ಮೇ ತಿಂಗಳಲ್ಲಿ ಮದುವೆಗೆಂದು ಮಂಗಳೂರಿಗೆ ವಿಮಾನ ಹತ್ತಿದೆ. ಇನ್ನೇನು ಇಳಿಯಬೇಕು, ಆಕಾಶದಲ್ಲೇ ಸುತ್ತು ಹಾಕಿ ಹಾಕಿ ಕೊನೆಗೆ ಬೆಂಗಳೂರಿಗೇ ವಾಪಸ್. ಮುಹೂರ್ತ ತಪ್ಪಿತು, ಊಟವೂ ತಪ್ಪಿತು. ನಾನು ಗೊಣಗಿದ್ದೇ ಗೊಣಗಿದ್ದು. ಆಮೇಲೆ ಓದಿ ತಿಳಿದೆ. ಪ್ರಯಾಣಿಕರ ವಿಮಾನ ಹಾರುವುದು ಸುಮಾರು 10-11 ಕಿಲೋಮೀಟರ್ ಎತ್ತರದಲ್ಲಿ. ಬೇಸಿಗೆಯ ಗುಡುಗು ಮೋಡದ ತಲೆ 12-15 ಕಿಲೋಮೀಟರ್‌ವರೆಗೂ ಹೋಗಬಹುದು. ಹಾರಿ ದಾಟುವಂತಿಲ್ಲ, ನುಗ್ಗುವಂತಿಲ್ಲ, ಬಳಸಿಯೇ ಹೋಗಬೇಕು. ಮಂಗಳೂರಿನ ರನ್‌ವೇ ಬೇರೆ ಗುಡ್ಡದ ತಲೆಯ ಮೇಲಿದೆ. ಇನ್ನು ಗಾಳಿ ಕಾದರೆ ತೆಳುವಾಗುತ್ತದೆ, ರೆಕ್ಕೆಗೆ ಆಸರೆ ಕಡಿಮೆಯಾಗುತ್ತದೆ. ಮೇಲೇರಲು ವಿಮಾನ ರನ್‌ವೇ ಮೇಲೆ ಹೆಚ್ಚು ದೂರ ಓಡಬೇಕಾಗುತ್ತದೆ. ಅದಕ್ಕೇ ದೊಡ್ಡ ವಿಮಾನ ನಿಲ್ದಾಣಗಳಲ್ಲಿ ಅರ್ಧ ಗಂಟೆಗೊಮ್ಮೆ ಗಾಳಿ, ಮೋಡ, ಉಷ್ಣಾಂಶದ ವರದಿ ಬರೆಯುತ್ತಾರೆ. ನಮ್ಮ ಬ್ಯಾಂಕಿನಲ್ಲಿ ದಿನಕ್ಕೊಮ್ಮೆ ಲೆಕ್ಕ ತಾಳೆ ನೋಡುವುದೇ ದೊಡ್ಡ ಕೆಲಸವಾಗಿತ್ತು!

ಮೂರನೆಯದು ಕಡಲಿನ ಖಾತೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲ, ಕಡಲೂ ಒರಟು. ಆದರೆ ಮೇ ತಿಂಗಳೇ ಮೋಸದ್ದು. 2021ರ ಮೇ ನಡುವಿನಲ್ಲಿ ತೌಕ್ತೆ ಚಂಡಮಾರುತ ಗುಜರಾತಿನತ್ತ ಸಾಗುವ ದಾರಿಯಲ್ಲೇ ನಮ್ಮ ತೀರದ ಮನೆ, ರಸ್ತೆಗಳನ್ನು ಕೆಡವಿತು. ಗಂಟೆಗೆ 40-50 ಕಿಲೋಮೀಟರ್ ವೇಗದ ಗಾಳಿ ಎಂದು ಪೇಪರಿನಲ್ಲಿ ಓದುವಾಗ ನಮಗೆ ಸ್ಕೂಟರಿನ ವೇಗ ಅನ್ನಿಸುತ್ತದೆ. ಸಣ್ಣ ದೋಣಿಯಲ್ಲಿ ಇರುವವರಿಗೆ ಅದು ಪ್ರಾಣದ ಪ್ರಶ್ನೆ.

ಈಗ ಆ ಮೀನುಗಾರರ ವಿಷಯ. 1980ರ ದಶಕದಲ್ಲಿ ಕುಂದಾಪುರದ ಕಡೆ ಒಂದು ಶಾಖೆಯಲ್ಲಿದ್ದೆ. ದೋಣಿ ಸಾಲದ ಕಂತು ಕಟ್ಟಲು ಒಬ್ಬರು ಹಿರಿಯರು ತಪ್ಪದೆ ಬರುತ್ತಿದ್ದರು. ಒಂದು ಮೇ ತಿಂಗಳಲ್ಲಿ ಕಂತು ತಡವಾಯಿತು. ರೇಡಿಯೋದಲ್ಲಿ ಮೀನುಗಾರರಿಗೆ ಎಚ್ಚರಿಕೆ ಓದಿದ್ದರಿಂದ ಎರಡು ದಿನ ದೋಣಿ ಇಳಿಸಲಿಲ್ಲ ಎಂದರು. ಆ ಎರಡೂ ದಿನ ಗಾಳಿ ಬೀಸಿರಲಿಲ್ಲ, ಬಿಸಿಲು ಹೊಡೆದಿತ್ತು. ಚಿಕ್ಕ ವಯಸ್ಸಿನ ಜಾಣತನದಲ್ಲಿ ನಾನು ನಕ್ಕುಬಿಟ್ಟೆ: “ರೇಡಿಯೋ ನಂಬಿ ಎರಡು ದಿನದ ಸಂಪಾದನೆ ಕಳಕೊಂಡಿರಲ್ಲ!”

ಅವರು ಸಿಟ್ಟಾಗಲಿಲ್ಲ. “ಹೋದದ್ದು ಮೀನು ಮಾರಾಯ್ರೇ. ಅದು ನಾಳೆಯೂ ಸಿಗ್ತದೆ. ನನ್ನ ಅಣ್ಣನ ಪಾಸ್‌ಬುಕ್ಕು ನಿಮಗೆ ನೆನಪುಂಟಲ್ಲ?” ಎಂದರು.

ನೆನಪಿತ್ತು. ಹಿಂದಿನ ವರ್ಷ ಅಣ್ಣ ಕಡಲಿಗೆ ಹೋದವರು ಮರಳಿರಲಿಲ್ಲ. ಆ ಖಾತೆ ಮುಚ್ಚುವ ಅರ್ಜಿಯನ್ನು ಅತ್ತಿಗೆಯ ಕೈಹಿಡಿದು ಹೆಬ್ಬೆಟ್ಟು ಒತ್ತಿಸಿ ತುಂಬಿಸಿದವನು ನಾನೇ. ತಲೆ ತಗ್ಗಿಸಿ ರಸೀದಿ ಬರೆದುಕೊಟ್ಟೆ. ಆಮೇಲೆ ಯಾವ ಮುನ್ಸೂಚನೆಗೂ ನಕ್ಕಿಲ್ಲ.

ಮೊಮ್ಮಗಳಿಗೆ ಹೇಳಿದ್ದು ಇಷ್ಟೇ: “ಅದು ಸುಳ್ಳಲ್ಲ ಪುಟ್ಟಿ, ಅಂದಾಜು. ಮನೆಗೆ ವಿಮೆ ಮಾಡಿಸಿದ ವರ್ಷ ಬೆಂಕಿ ಬೀಳಲಿಲ್ಲ ಅಂತ ಯಾರಾದರೂ ಅಳುತ್ತಾರಾ?”

ಮಕ್ಕಳೇ, ಈ ರಜೆಯಲ್ಲಿ ನೀವೂ ಒಂದು ನೋಟ್‌ಬುಕ್ ಇಡಿ. ಎಡಕ್ಕೆ ಮುನ್ಸೂಚನೆ, ಬಲಕ್ಕೆ ನಿಜವಾಗಿ ಆದದ್ದು. ತಿಂಗಳ ಕೊನೆಗೆ ಎಷ್ಟು ತಾಳೆಯಾಯಿತು ನೋಡಿ. ಮನೆಯ ದೊಡ್ಡವರು, ಕಿತ್ತಳೆ ಬಣ್ಣ ಕಂಡ ದಿನ ಮಧ್ಯಾಹ್ನದ ಓಡಾಟ ಮುಂದಕ್ಕೆ ಹಾಕಿ, ಮಜ್ಜಿಗೆ ತಂಬಿಗೆ ಎದುರಿಗಿಡಿ.

ನಮ್ಮ ಪುಟ್ಟಿಯ ಮೊದಲ ಪುಟದಲ್ಲಿ ಹೀಗಿದೆ: “ಹಳದಿ. ಮಳೆ ಬರಲಿಲ್ಲ. ಕೊಡೆ ಬ್ಯಾಗಿನಲ್ಲಿತ್ತು.”